ಪರದೆಯಾಚೆಯ ಸಹಪಾಠಿ

ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಸ್ನೇಹಿತರಾಗುವುದೇಕೆ? ಗುಣಸಾಮ್ಯದಿಂದ ಎಂದು ಹಲವರು ಹೇಳುವರು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿವಾಹಿತ ವಿದ್ಯಾರ್ಥಿಗಳ ವಸತಿಗೃಹಗಳನ್ನು ಪರಿಶೀಲಿಸಿ ಫೆಸ್ಟಿಂಗರ್, ಷಾಕ್ಟರ್ ಮತ್ತು ಬ್ಯಾಕ್ ಎಂಬ ಮೂವರು 1950ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಉತ್ತರವನ್ನು ಕೊಡುತ್ತದೆ. ಪಕ್ಕದ ಬಾಗಿಲಿನವರು ಆಪ್ತರಾಗುವ ಪ್ರಮಾಣ ನೂರಕ್ಕೆ 41. ಅದೇ ಅಂತಸ್ತಿನ ಮತ್ತೊಂದು ತುದಿಯವರದು ಕೇವಲ 10. ಪದೇ ಪದೇ ಎದುರಾಗುವುದೇ ಸ್ನೇಹಕ್ಕೆ ಮೊದಲ ಕಾರಣವೆಂದು ಇದರಿಂದ ತಿಳಿಯುತ್ತದೆ.

ಆನ್‌ಲೈನ್ ತರಗತಿಯಲ್ಲಿ ಹೀಗೆ ಎದುರಾಗುವುದೆಲ್ಲಿ? ಪಾಠ ಮುಗಿದೊಡನೆ ಪರದೆ ಕಪ್ಪಾಗುವುದು. 2020ರಲ್ಲಿ ಕಾಲೇಜುಗಳು ಮುಚ್ಚಿದ್ದಾಗ ನಾವು ಮನೆಯಿಂದಲೇ ಉಷ್ಣಗತಿಶಾಸ್ತ್ರವನ್ನು ಬೋಧಿಸುತ್ತಿದ್ದೆವು. ಹೊಸದಾಗಿ ಸೇರಿದ್ದ ಓರ್ವ ವಿದ್ಯಾರ್ಥಿ ಮೂರು ವಾರ ಬರಲಿಲ್ಲ. ಅವನೆಲ್ಲಿ ಎಂದು ಕೇಳಿದರೆ ಅರುವತ್ತು ಮಂದಿಯಲ್ಲಿ ಒಬ್ಬರಿಗೂ ತಿಳಿಯದು! ಕೊಠಡಿಯಲ್ಲಾಗಿದ್ದರೆ ಮಗ್ಗುಲಲ್ಲಿ ಕೂರುವವನು ಮರುದಿನವೇ ಹೇಳುತ್ತಿದ್ದನು. ಮನೆಯಲ್ಲಿದ್ದ ಒಂದೇ ಮೊಬೈಲು ಕೆಟ್ಟಿತ್ತೆಂದು ಕಡೆಗೆ ಗೊತ್ತಾಯಿತು. ಅಷ್ಟು ದಿನ ವಿಚಾರಿಸದಿದ್ದುದು ನಮ್ಮ ತಪ್ಪೂ ಹೌದು.

ಇನ್ನೊಂದು ತೊಡಕು ಭೌತಶಾಸ್ತ್ರಕ್ಕೆ ಸೇರಿದುದು. ಮುಖಾಮುಖಿ ಸಂಭಾಷಣೆಯಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರದು ತೊಡಗಲು ಸಾಮಾನ್ಯವಾಗಿ ಸುಮಾರು 0.2 ಸೆಕೆಂಡು ಸಾಕು. ಪರದೆಯ ಮೂಲಕ ಆಡುವಾಗ ಈ ಅಂತರ ಹಿಗ್ಗುತ್ತದೆ. ದೂರವೇ ಇದಕ್ಕೆ ಕಾರಣವೆ? ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಬೆಂಗಳೂರಿನಿಂದ ಸುಮಾರು 600 ಕಿಲೋಮೀಟರು ದೂರದ ಕಲಬುರಗಿಗೆ 0.003 ಸೆಕೆಂಡು ಸಾಕಾದೀತು. ಧ್ವನಿಯನ್ನು ಅಂಕೆಗಳಾಗಿ ಮಾರ್ಪಡಿಸಿ, ತುಣುಕುಗಳಾಗಿ ಕಳುಹಿಸಿ, ಹಿಂದುಳಿದ ತುಣುಕುಗಳಿಗಾಗಿ ಕಾದು ಜೋಡಿಸುವುದರಲ್ಲಿಯೇ ಹೆಚ್ಚಿನ ವಿಳಂಬ. ಕೇಳುವವನಿಗಾದರೋ ಎದುರಿನವನು ಅನಾಸಕ್ತನೆಂದು ತೋರುವುದು. 2014ರಲ್ಲಿ ಜರ್ಮನಿಯ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳಲ್ಲಿಯೂ ಹೀಗೆಯೇ ಕಂಡುಬಂದಿತು. ತಂತಿಯ ದೋಷ ಮನುಷ್ಯನ ಮೇಲೆ ಬೀಳುವುದು ಅನ್ಯಾಯವಲ್ಲವೆ?

ಆ ವಿದ್ಯಾರ್ಥಿಯ ಸಂಗತಿ ತಿಳಿದ ಮೇಲೆ ನಾವು ತರಗತಿಯನ್ನು ನಾಲ್ವರ ಗುಂಪುಗಳಾಗಿ ವಿಂಗಡಿಸಿದೆವು. ಅರುವತ್ತು ಮಂದಿಯ ವಾಟ್ಸಾಪ್ ಗುಂಪು ಸೂಚನಾಫಲಕಕ್ಕೆ ಸಮ. ಅಲ್ಲಿ ತನಗೆ ಪಾಠ ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳುವವರು ವಿರಳ. ನಾಲ್ವರಲ್ಲಿ ಆ ಸಂಕೋಚ ಕಡಿಮೆ. ವಾರಕ್ಕೆರಡು ಸಂಜೆ, ಗೊತ್ತಾದ ವೇಳೆಗೆ, ಕೂಡಿ ಲೆಕ್ಕ ಮಾಡಬೇಕು. ಒಬ್ಬನು ಬಾರದಿದ್ದರೆ ಉಳಿದವರು ಅಂದೇ ದೂರವಾಣಿಯಲ್ಲಿ ವಿಚಾರಿಸಬೇಕು. ಮೊದಲ ವಾರ ಎಲ್ಲರೂ ಬಿಗುಮಾನದಿಂದ ಲೆಕ್ಕವನ್ನಷ್ಟೇ ಮಾಡಿದರು. ಮೂರನೆಯ ವಾರ ಹರಟೆಯೇ ಹೆಚ್ಚೆಂದು ನಮಗೆ ದೂರು ಬಂದಿತು. ನಮಗೆ ಸಂತೋಷವೇ ಆಯಿತು.

ಮೊಬೈಲು ಕೆಟ್ಟಿದ್ದ ಹುಡುಗನು ನೆರೆಮನೆಯ ಸಾಧಾರಣ ಫೋನನ್ನು ಎರವಲು ಪಡೆದನು. ಪ್ರತಿದಿನ ರಾತ್ರಿ ಗೆಳೆಯನೊಬ್ಬನು ಆ ದಿನದ ಟಿಪ್ಪಣಿಯನ್ನು ಓದಿ ಹೇಳುತ್ತಿದ್ದನು, ಇವನು ಬರೆದುಕೊಳ್ಳುತ್ತಿದ್ದನು.