ಕೋಳಿ ಗೊಬ್ಬರದ ರಂಜಕ ಹೊಲದಲ್ಲಿ ಉಳಿಯುತ್ತಾ, ಕೆರೆಗೆ ಹೋಗುತ್ತಾ? ಚೆಲ್ಲೋ ಮುಂಚೆ ಈ 4 ಪ್ರಶ್ನೆ ಕೇಳಿಕೊಳ್ಳಿ

ಕೋಲಾರ, ಚಿಕ್ಕಬಳ್ಳಾಪುರ ಕಡೆ ಟೊಮೆಟೊ, ಕ್ಯಾಪ್ಸಿಕಂ ಹಾಕೋರು ಭೂಮಿ ಸಿದ್ಧ ಮಾಡುವಾಗ ಕೋಳಿ ಗೊಬ್ಬರದ ಲೋಡ್ ಇಳಿಸೋದು ಮಾಮೂಲಿ. ಬೆಳೆಗೆ ಒಳ್ಳೆಯದೇ. ಆದರೆ ಗೊಬ್ಬರ ಚೆಲ್ಲಿದ ಮಾರನೇ ದಿನ ಜೋರು ಮಳೆ ಬಂದರೆ, ದುಡ್ಡು ಕೊಟ್ಟು ತಂದ ರಂಜಕ, ಅಂದರೆ ಫಾಸ್ಫರಸ್, ಕೆಂಪು ನೀರಿನ ಜೊತೆ ಕೆಳಗಿನ ಕೆರೆ ಸೇರುತ್ತೆ.

ಕೆರೆ ನೀರಲ್ಲಿ ಲೀಟರಿಗೆ 0.03 ಮಿಲಿಗ್ರಾಂ ಆಸುಪಾಸು ರಂಜಕ ಇದ್ದರೂ ಪಾಚಿ ಹೆಚ್ಚಾಗೋಕೆ ಸಾಕು. ಪಾಚಿ ಕೊಳೆತಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಕೆಲವು ನೀಲಿ-ಹಸಿರು ಪಾಚಿಗಳು ವಿಷವನ್ನೂ ಬಿಡುತ್ತವೆ. ಆ ನೀರು ಕುಡಿದ ದನಕರುಗಳಿಗೂ ಅಪಾಯ.

ಇದನ್ನು ಅಂದಾಜು ಮಾಡೋಕೆ ಅಮೆರಿಕದಲ್ಲಿ 1990ರ ದಶಕದಿಂದ 'ಫಾಸ್ಫರಸ್ ಇಂಡೆಕ್ಸ್' ಬಳಸ್ತಾರೆ. ಅದರ ತಿರುಳು ಸರಳ: ಹೊಲದಲ್ಲಿ ರಂಜಕ ಜಾಸ್ತಿ ಇರಬೇಕು, ಅದು ನೀರಿಗೆ ಸೇರೋಕೆ ದಾರಿಯೂ ಇರಬೇಕು. ಎರಡೂ ಸೇರಿದಾಗಲೇ ದೊಡ್ಡ ಅಪಾಯ. ನಮ್ಮ ಹೊಲದಲ್ಲಿ ನಿಂತು ಅದನ್ನೇ ಹೀಗೆ ನೋಡಬಹುದು.

1. ಮಣ್ಣಲ್ಲಿ ಈಗಾಗಲೇ ಎಷ್ಟಿದೆ?
ಮಣ್ಣು ಆರೋಗ್ಯ ಕಾರ್ಡ್ ತೆಗೆದು ನೋಡಿ. ಪಿ2ಒ5 ಲೆಕ್ಕದಲ್ಲಿ ಹೆಕ್ಟೇರಿಗೆ 23 ಕೆಜಿಗಿಂತ ಕೆಳಗೆ ಇದ್ದರೆ ಕಡಿಮೆ, 57 ಕೆಜಿ ದಾಟಿದರೆ ಹೆಚ್ಚು. ಹಳೇ ಕಾರ್ಡ್ ಆಗಿದ್ದರೆ ಮತ್ತೆ ಪರೀಕ್ಷೆ ಮಾಡಿಸಿ.

2. ಈ ಸಲ ಎಷ್ಟು ಹಾಕ್ತಿದ್ದೀರಿ?
ಕೊಟ್ಟಿಗೆ ಗೊಬ್ಬರದಲ್ಲಿ ಟನ್ನಿಗೆ ಸುಮಾರು 2 ಕೆಜಿ ಪಿ2ಒ5 ಇರುತ್ತೆ. ಒಣಗಿದ ಕೋಳಿ ಗೊಬ್ಬರದಲ್ಲಿ 25 ಕೆಜಿ ಆಸುಪಾಸು. ಹೊಟ್ಟು, ತೇವಾಂಶದ ಮೇಲೆ ಹೆಚ್ಚುಕಮ್ಮಿ ಆಗುತ್ತೆ. ಎಕರೆಗೆ 4 ಟನ್ ಕೋಳಿ ಗೊಬ್ಬರ ಹಾಕಿದರೆ ಸುಮಾರು 100 ಕೆಜಿ. 50 ಕೆಜಿಯ ಒಂದು ಚೀಲ ಡಿಎಪಿಯಲ್ಲಿ ಇರೋದು 23 ಕೆಜಿ. ಅಂದರೆ ನಾಲ್ಕು ಚೀಲ ಡಿಎಪಿಗಿಂತ ಜಾಸ್ತಿ ಹಾಕಿದ ಹಾಗೆ! ಸಾವಯವ ಅನ್ನೋ ಕಾರಣಕ್ಕೆ ಈ ಲೆಕ್ಕ ಬದಲಾಗಲ್ಲ.

3. ನೀರು ಹರಿಯೋ ದಾರಿ ಇದೆಯಾ?
ನೇರವಾದ ಹಲಗೆಯನ್ನು ನೆಲಕ್ಕಿಟ್ಟು, ಮೇಲೆ ಫೋನ್ ಇಟ್ಟು ಲೆವೆಲ್ ಆ್ಯಪ್‌ನಲ್ಲಿ ನೋಡಿ. ನಾಲ್ಕೈದು ಕಡೆ ಅಳೆಯಿರಿ. 2 ಡಿಗ್ರಿ ಅಂದರೆ 100 ಅಡಿಗೆ ಮೂರೂವರೆ ಅಡಿ ಇಳಿಜಾರು. ಬರಿ ಮಣ್ಣು ಕೊಚ್ಚಿಹೋಗೋಕೆ ಅಷ್ಟು ಸಾಕು. ಬದು ಒಡೆದಿದೆಯಾ, ಹಳ್ಳ ಅಥವಾ ರಾಜಕಾಲುವೆ ಪಕ್ಕದಲ್ಲೇ ಇದೆಯಾ ಅಂತಲೂ ನೋಡಿ. ರಂಜಕ ಮಣ್ಣಿನ ಸಣ್ಣ ಕಣಗಳಿಗೆ ಅಂಟಿಕೊಂಡಿರುತ್ತೆ, ಮಣ್ಣು ಹೋದ ಕಡೆ ಅದೂ ಹೋಗುತ್ತೆ.

4. ಯಾವಾಗ, ಹೇಗೆ ಹಾಕ್ತೀರಿ?
ಮೇಲೆ ಚೆಲ್ಲಿ ಬಿಟ್ಟ ಗೊಬ್ಬರದಿಂದ ರಂಜಕ ನೀರಲ್ಲಿ ಕರಗಿಯೂ ಹೋಗುತ್ತೆ. ಚೆಲ್ಲಿದ ಮೇಲೆ ಬರೋ ಮೊದಲ ಜೋರು ಮಳೆಯೇ ಹೆಚ್ಚು ಅಪಾಯದ್ದು. ಮೇಘದೂತ್ ಆ್ಯಪ್‌ನಲ್ಲಿ ಮುನ್ಸೂಚನೆ ನೋಡಿಯೇ ಲೋಡ್ ತರಿಸಿ.

ಉತ್ತರ ನೋಡಿ ಏನು ಮಾಡಬೇಕು?

- 1, 2ರಲ್ಲಿ ಮಾತ್ರ ಜಾಸ್ತಿ ಬಂದರೆ: ಈ ಸಲ ಕೋಳಿ ಗೊಬ್ಬರ ಕಡಿಮೆ ಮಾಡಿ. ಸಾರಜನಕಕ್ಕೆ ಸೆಣಬು ಅಥವಾ ಡಯಾಂಚ ಬೆಳೆದು ಹೂ ಬರೋ ಹೊತ್ತಿಗೆ ಮಣ್ಣಿಗೆ ಸೇರಿಸಿ.
- 3, 4ರಲ್ಲಿ ಮಾತ್ರ ತೊಂದರೆ ಇದ್ದರೆ: ಮೊದಲು ಬದು ಸರಿಮಾಡಿ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ, ಗೊಬ್ಬರವನ್ನು ಅದೇ ದಿನ ಮಣ್ಣಿಗೆ ಬೆರೆಸಿ. ಹಳ್ಳದ ಅಂಚಿಗೆ ಹುಲ್ಲಿನ ಪಟ್ಟಿ ಬಿಡಿ.
- ಎರಡೂ ಕಡೆ ತೊಂದರೆ ಇದ್ದರೆ: ಆ ತಾಕಿಗೆ ಈ ಹಂಗಾಮಿನಲ್ಲಿ ಕೋಳಿ ಗೊಬ್ಬರ ಬೇಡ. ರಂಜಕ ಕಡಿಮೆ ಇರೋ ಬೇರೆ ತಾಕಿಗೆ ಹಾಕಿ. ಅಲ್ಲಿ ಇಳುವರಿಗೆ ಉಪಯೋಗ ಆಗುತ್ತೆ.

ಕೊನೆಗೆ ಇನ್ನೊಂದು ಮಾತು. ಲೋಡ್ ಇಳಿಸಿ ವಾರಗಟ್ಟಲೆ ಕಾಲುವೆ ಪಕ್ಕ ರಾಶಿ ಬಿಡಬೇಡಿ. ಎತ್ತರದ ಜಾಗದಲ್ಲಿ ಹಾಕಿ, ಟಾರ್ಪಾಲ್ ಮುಚ್ಚಿ. ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಪ್ರತಿ ತಾಕಿಗೂ ಈ ನಾಲ್ಕು ಉತ್ತರ ಫೋನಲ್ಲೇ ಬರೆದಿಟ್ಟುಕೊಳ್ಳಿ.