ಯಾವ ಕಾಲೇಜು? ಅಲ್ಲಿಯ ಬಾಳು ಎಂತಹುದು?

ಬೇಸಗೆ ಬಂದು, ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದವೆಂದರೆ ನಮ್ಮ ಮನೆಗಳಲ್ಲಿ ಒಂದೇ ಮಾತು: ‘ಮಗುವನ್ನು ಯಾವ ಕಾಲೇಜಿಗೆ ಸೇರಿಸೋಣ?’ ನೆಂಟರು ಒಂದು ಹೆಸರು ಹೇಳುತ್ತಾರೆ, ನೆರೆಯವರು ಇನ್ನೊಂದು. ಎದುರು ಮನೆಯ ಹುಡುಗ ಎಲ್ಲಿ ಓದಿ ಕೆಲಸ ಹಿಡಿದನೋ ಅದೇ ಕಾಲೇಜು ಆ ಬೀದಿಗೆಲ್ಲ ಒಳ್ಳೆಯದೆನಿಸುತ್ತದೆ. ಓದಬೇಕಾದ ಮಗು ಮಾತ್ರ ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತದೆ. ಈ ವಿಷಯವನ್ನು ಸ್ವಲ್ಪ ಸಮಾಧಾನದಿಂದ ನಿಮ್ಮೊಡನೆ ವಿಚಾರ ಮಾಡಬೇಕೆಂದು ಈ ಬರಹ.

ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಈ ನಾಲ್ಕು ಕಡೆಯವರಿಗೂ ಕಾಲೇಜು ಎಂದೊಡನೆ ಕಣ್ಣ ಮುಂದೆ ಬರುವುದು ಮೈಸೂರು. ಇದಕ್ಕೆ ಕಾರಣವಿಲ್ಲದೆ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೩ರಲ್ಲಿ ತೆರೆಸಿದ ಉಚಿತ ಪಾಠಶಾಲೆಯೇ ಬೆಳೆದು ಮಹಾರಾಜಾ ಕಾಲೇಜಾಯಿತು. ಬಹುಕಾಲ ಅದು ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿತ್ತು. ೧೯೧೬ರ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ೧೯೨೪ರ ಕಾವೇರಿಯ ಮಹಾಪೂರದಲ್ಲಿ ಎಡತೊರೆ ನೊಂದ ಮೇಲೆ ಎದ್ದ ನಮ್ಮ ಹೊಸ ಊರಿಗೆ ನಾಲ್ವಡಿಯವರದೇ ಹೆಸರು. ಊರಿಗೆ ಹೆಸರು ಕೊಟ್ಟ ದೊರೆಯ ಕಾಲದಲ್ಲೇ ಊರ ಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲೂ ಹತ್ತಿರಕ್ಕೆ ಬಂದಿತು.

ಆ ಕಾಲೇಜಿಗೆ ಕೀರ್ತಿ ಬಂದುದು ಕಟ್ಟಡದಿಂದಲ್ಲ. ಎಂ. ಹಿರಿಯಣ್ಣನವರಂತಹ ವಿದ್ವಾಂಸರು ಅಲ್ಲಿ ಪಾಠ ಹೇಳಿದರು. ಸರ್ವಪಲ್ಲಿ ರಾಧಾಕೃಷ್ಣನ್ ಅವರು ೧೯೧೮ರಿಂದ ೧೯೨೧ರವರೆಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಅವರನ್ನು ಕೂರಿಸಿ, ತಾವೇ ಎಳೆದು ರೈಲು ನಿಲ್ದಾಣಕ್ಕೆ ಕರೆದೊಯ್ದರು. ಟಿ.ಎಸ್. ವೆಂಕಣ್ಣಯ್ಯನವರ ಬಳಿ ಕಲಿತ ಕುವೆಂಪು ೧೯೨೯ರಲ್ಲಿ ಕನ್ನಡ ಎಂ.ಎ. ಪದವಿ ಪಡೆದು, ಅದೇ ಕಾಲೇಜಿನಲ್ಲಿ ಅಧ್ಯಾಪಕರಾಗಿ, ೧೯೫೬ರಲ್ಲಿ ವಿಶ್ವವಿದ್ಯಾನಿಲಯದ ಕುಲಪತಿಗಳೇ ಆದರು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ನಿಲಯದ ಹೆಸರು ‘ಆಕಾಶವಾಣಿ’. ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದವರೆಲ್ಲರೂ ಹಾಗೆ ನೋಡಿದರೆ ಒಬ್ಬ ಕಾಲೇಜು ಮೇಷ್ಟರ ಹವ್ಯಾಸಕ್ಕೆ ಋಣಿಗಳು.

ಇದನ್ನೆಲ್ಲ ಹೇಳಿದುದು ಹಳೆಯ ವೈಭವವನ್ನು ನೆನೆದು ತೃಪ್ತಿಪಡುವುದಕ್ಕಲ್ಲ. ಕಾಲೇಜು ಎಂದರೆ ಗುರು, ಗ್ರಂಥ, ಗೆಳೆಯ, ಈ ಮೂರು. ಆದ್ದರಿಂದ ಕಾಲೇಜನ್ನು ವಿಚಾರಿಸುವಾಗ ಮೊದಲು ಕೇಳಬೇಕಾದುದು ‘ಕಟ್ಟಡ ಎಷ್ಟು ಅಂತಸ್ತು?’ ಎಂದಲ್ಲ, ‘ಪ್ರತಿ ವಿಷಯಕ್ಕೂ ಅಧ್ಯಾಪಕರಿದ್ದಾರೆಯೆ? ಪಾಠ ಕ್ರಮವಾಗಿ ನಡೆಯುತ್ತದೆಯೆ? ವಿದ್ಯಾರ್ಥಿಗೆ ಗ್ರಂಥಾಲಯದಿಂದ ಪುಸ್ತಕ ಮನೆಗೆ ಕೊಡುತ್ತಾರೆಯೆ?’ ಎಂದು. ಬೆಂಗಳೂರಿನಲ್ಲಿ ೧೯೯೪ರಲ್ಲಿ ಸ್ಥಾಪನೆಯಾದ ‘ನ್ಯಾಕ್’ ಎಂಬ ಸಂಸ್ಥೆ ಕಾಲೇಜುಗಳನ್ನು ಪರಿಶೀಲಿಸಿ ದರ್ಜೆ ಕೊಡುತ್ತದೆ. ಅದನ್ನೂ ನೋಡಿರಿ. ಆದರೆ ದರ್ಜೆಯ ಫಲಕವನ್ನು ಓದಿ ಬಾಗಿಲಲ್ಲೇ ನಿಲ್ಲಬೇಡಿರಿ, ಒಳಗೆ ಹೋಗಿ ನೋಡಿರಿ.

ಕಾಲೇಜಿಗಿಂತ ಮೊದಲು ಆರಿಸಬೇಕಾದುದು ವಿಷಯವನ್ನು. ಈ ಆಯ್ಕೆ ಎಸ್.ಎಸ್.ಎಲ್.ಸಿ. ಮುಗಿದೊಡನೆ, ಹದಿನಾರರ ಹರೆಯದಲ್ಲೇ ಬರುತ್ತದೆ. ಎರಡು ವರ್ಷದ ಪಿ.ಯು.ಸಿ.ಯಲ್ಲಿ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ನಿಶ್ಚಯಿಸಿದರೆ ಮುಂದಿನ ದಾರಿ ಬಹುಪಾಲು ಅಲ್ಲಿಗೇ ತೀರ್ಮಾನವಾದಂತೆ. ವಿಜ್ಞಾನ ಓದಿದವನು ಆಮೇಲೆ ಇತಿಹಾಸವನ್ನೋ ವಾಣಿಜ್ಯವನ್ನೋ ಹಿಡಿಯಬಹುದು. ಕಲಾವಿಭಾಗದಿಂದ ಎಂಜಿನಿಯರಿಂಗಿಗೆ ಹೋಗಲು ದಾರಿಯಿಲ್ಲ. ಈ ಒಂದು ಕಾರಣಕ್ಕಾಗಿಯೇ ಅನೇಕ ತಂದೆತಾಯಂದಿರು ಮಕ್ಕಳನ್ನು ವಿಜ್ಞಾನಕ್ಕೆ ನೂಕುತ್ತಾರೆ. ಮಗುವಿಗೆ ಲೆಕ್ಕದಲ್ಲಿ ಒಲವಿದ್ದರೆ ಸರಿ. ಇಲ್ಲದಿದ್ದರೆ ಆ ಎರಡು ವರ್ಷ ಅದಕ್ಕೆ ಸೆರೆಮನೆ. ಹತ್ತನೆಯ ತರಗತಿಯಲ್ಲಿ ಲವಲವಿಕೆಯಿಂದಿದ್ದ ಹುಡುಗ ಪಿ.ಯು.ಸಿ.ಯಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿ, ಬೀದಿಯಲ್ಲಿ ಮೇಷ್ಟರನ್ನು ಕಂಡರೆ ಮುಖ ತಪ್ಪಿಸಿ ಹೋಗುವುದನ್ನು ನಮ್ಮಂತಹ ಅಧ್ಯಾಪಕರು ವರ್ಷವರ್ಷವೂ ಕಾಣುತ್ತೇವೆ. ಅಂತಹವರಲ್ಲಿ ಹಲವರು ದಡ್ಡರಲ್ಲ, ದಾರಿ ತಪ್ಪಿದವರಲ್ಲ, ತಮ್ಮದಲ್ಲದ ದಾರಿಗೆ ಹತ್ತಿಸಲ್ಪಟ್ಟವರು.

ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿನ ವಿಷಯವನ್ನು ಬೇರೆಯಾಗಿ ಹೇಳಬೇಕು. ಪಿ.ಯು.ಸಿ. ವಿಜ್ಞಾನದ ಮೊದಲ ಮೂರು ತಿಂಗಳು ಇಂತಹ ಮಗುವಿಗೆ ಕಾರ್ಗತ್ತಲೆ. ತಿಳಿದಿದ್ದ ವಿಷಯವೇ ತಿಳಿಯದ ಮಾತಿನಲ್ಲಿ ಬರುತ್ತದೆ. ‘ದ್ಯುತಿಸಂಶ್ಲೇಷಣೆ’ ಎಂದರೆ ಪುಟಗಟ್ಟಲೆ ಬರೆಯಬಲ್ಲವಳು ಅದರ ಇಂಗ್ಲಿಷ್ ಹೆಸರು ಕೇಳಿ ತಬ್ಬಿಬ್ಬಾಗುತ್ತಾಳೆ. ಆಗ ಅವಳು ‘ನನಗೆ ಬುದ್ಧಿಯಿಲ್ಲ’ ಎಂದುಕೊಳ್ಳುತ್ತಾಳೆ. ಕೊರತೆ ಬುದ್ಧಿಯದಲ್ಲ, ಶಬ್ದಗಳದು. ಬೇಸಗೆಯ ರಜೆಯಲ್ಲೇ ಒಂದು ನೋಟುಪುಸ್ತಕ ಮಾಡಿ, ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಹೀಗೆ ದಿನಕ್ಕೆ ಹತ್ತು ಬರೆದರೆ ಎರಡು ತಿಂಗಳಲ್ಲಿ ಆರುನೂರು ಪದಗಳಾಗುತ್ತವೆ. ಅಷ್ಟು ಸಾಕು, ಕತ್ತಲೆ ಸರಿಯುತ್ತದೆ. ಕಲೆ ಮತ್ತು ವಾಣಿಜ್ಯದ ಪದವಿ ತರಗತಿಗಳಲ್ಲಿ ಕನ್ನಡದಲ್ಲೇ ಉತ್ತರ ಬರೆಯಲು ಅವಕಾಶವುಂಟು. ಅಲ್ಲಿ ಸೇರುವವರು ಈ ಅಂಜಿಕೆಯನ್ನು ಬಿಡಬಹುದು.

ಹಳ್ಳಿಯ ಮಕ್ಕಳಿಗೂ ಕನ್ನಡ ಮಾಧ್ಯಮದ ಮಕ್ಕಳಿಗೂ ದೊರೆಯುವ ಒಂದು ಹಕ್ಕನ್ನು ಮರೆಯಬಾರದು. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ.ಯ ಮೂಲಕ ಹಂಚುವ ವೃತ್ತಿಶಿಕ್ಷಣದ ಸರ್ಕಾರಿ ಸ್ಥಾನಗಳಲ್ಲಿ, ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡ ೧೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ ೫ ಮೀಸಲು. ಇದಕ್ಕೆ ಓದಿದ ಶಾಲೆಗಳ ವ್ಯಾಸಂಗ ಪ್ರಮಾಣಪತ್ರಗಳು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯೊಡನೆ ಬೇಕು. ಕೊನೆಯ ದಿನ ಓಡಾಡಿ ಕಣ್ಣೀರಿಡುವ ಬದಲು ಹತ್ತನೆಯ ತರಗತಿ ಮುಗಿಯುತ್ತಲೇ ಅವನ್ನು ಪಡೆದು ಇಟ್ಟುಕೊಳ್ಳಿರಿ. ಎಂಜಿನಿಯರಿಂಗ್ ಪ್ರವೇಶಕ್ಕೆ ಪಿ.ಯು.ಸಿ.ಯ ಅಂಕಗಳೂ ಸಿ.ಇ.ಟಿ.ಯ ಅಂಕಗಳೂ ಅರ್ಧರ್ಧ ಎಣಿಕೆಗೆ ಬರುತ್ತವೆ. ವೈದ್ಯಕೀಯಕ್ಕೆ ‘ನೀಟ್’ ಎಂಬ ಅಖಿಲ ಭಾರತ ಪರೀಕ್ಷೆಯೇ ಪ್ರಮಾಣ. ಅಧ್ಯಾಪಕರಾಗಬೇಕೆನ್ನುವವರಿಗೆ ಮೈಸೂರಿನಲ್ಲಿ ೧೯೬೩ರಿಂದ ನಡೆದುಬಂದಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯುಂಟು, ಅಲ್ಲಿ ಪಿ.ಯು.ಸಿ. ಆದೊಡನೆ ಪದವಿಯನ್ನೂ ಬೋಧನ ತರಬೇತಿಯನ್ನೂ ಒಟ್ಟಿಗೆ ಪಡೆಯಬಹುದು. ವೈದ್ಯ ಮತ್ತು ಎಂಜಿನಿಯರ್ ಇವೆರಡೇ ವಿದ್ಯೆಗಳೆಂದು ತಿಳಿದವರ ಕಣ್ಣಿಗೆ ಇಂತಹವು ಬೀಳುವುದೇ ಇಲ್ಲ.

ಇನ್ನು ಹತ್ತಿರವೋ ದೂರವೋ ಎಂಬ ಪ್ರಶ್ನೆ. ಪದವಿ ಓದಬೇಕಾದರೆ ಮೈಸೂರಿಗೇ ಹೋಗಬೇಕಾಗಿದ್ದ ಕಾಲ ಹೋಯಿತು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಹುಣಸೂರಿನ ಕಾಲೇಜಿಗೆ ಆ ತಾಲ್ಲೂಕಿನವರೇ ಆದ, ನಾಡಿನ ಮುಖ್ಯಮಂತ್ರಿಗಳಾಗಿದ್ದ ಡಿ. ದೇವರಾಜ ಅರಸರ ಹೆಸರಿದೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಾಲೇಜುಗಳಿಗೂ ಸಲ್ಲುತ್ತದೆ. ಒಂದು ಲೆಕ್ಕ ಹಾಕಿ ನೋಡಿರಿ. ಕೃಷ್ಣರಾಜನಗರಕ್ಕೂ ಮೈಸೂರಿಗೂ ಸುಮಾರು ೪೦ ಕಿಲೋಮೀಟರು. ಮನೆಯಿಂದ ನಿಲ್ದಾಣಕ್ಕೆ ನಡಿಗೆ, ಕಾಯುವುದು, ಪ್ರಯಾಣ, ಮೈಸೂರಿನಲ್ಲಿ ಇಳಿದು ಕಾಲೇಜಿಗೆ ಹೋಗುವುದು, ಎಲ್ಲ ಸೇರಿದರೆ ದಿನಕ್ಕೆ ನಾಲ್ಕು ಗಂಟೆ ಹಿಡಿದೀತು. ವರ್ಷಕ್ಕೆ ೧೮೦ ದಿನ ಹೋದರೂ ೭೨೦ ಗಂಟೆ. ಅಷ್ಟು ಹೊತ್ತು ಊರಿನ ಗ್ರಂಥಾಲಯದಲ್ಲಿ ಕುಳಿತವನು ಏನನ್ನು ತಾನೆ ಓದಲಾರ! ನಮ್ಮೂರಿನ ವಿಷಯ ಮೇಲು. ಮೈಸೂರು-ಅರಸೀಕೆರೆ ರೈಲು ಮಾರ್ಗ ನಮ್ಮಲ್ಲಿ ಹಾದುಹೋಗುತ್ತದೆ. ಕೋಟೆಯ ಕಡೆಯ ಹಾಡಿಯಿಂದ ಹೊರಟ ಮಗುವಿಗೆ ಬಸ್ಸೊಂದೇ ಗತಿ.

ಹಾಗೆಂದು ಎಲ್ಲರೂ ಊರಲ್ಲೇ ಉಳಿಯಬೇಕೆಂದು ಹೇಳುತ್ತಿಲ್ಲ. ಬೇಕಾದ ವಿಷಯ ಊರಿನಲ್ಲಿ ಇಲ್ಲದಿದ್ದರೆ, ಪ್ರಯೋಗಶಾಲೆ ಸಾಲದಿದ್ದರೆ, ಹೋಗಲೇಬೇಕು. ವಿಜ್ಞಾನಕ್ಕೆ ೧೯೨೮ರಲ್ಲಿ ಆರಂಭವಾದ ಯುವರಾಜಾ ಕಾಲೇಜು, ಹೆಣ್ಣುಮಕ್ಕಳಿಗೆ ಮಹಾರಾಣಿ ಕಾಲೇಜು, ಮುಂದೆ ಸ್ನಾತಕೋತ್ತರ ವ್ಯಾಸಂಗಕ್ಕೆ ೧೯೬೦ರಲ್ಲಿ ರೂಪುಗೊಂಡ ಮಾನಸಗಂಗೋತ್ರಿ ಇವೆಯಷ್ಟೆ. ಆದರೆ ‘ಮೈಸೂರಿನಲ್ಲಿ ಓದುತ್ತಾನೆ’ ಎಂದು ಹೇಳಿಕೊಳ್ಳುವುದಕ್ಕಾಗಿ ಮಾತ್ರ, ಇಲ್ಲಿ ಸಿಗುವ ಪಾಠವನ್ನೇ ಅಲ್ಲಿಗೆ ಹೋಗಿ ಕೇಳುವುದು ವ್ಯರ್ಥ.

ಹೆಣ್ಣುಮಕ್ಕಳ ವಿಷಯದಲ್ಲಿ ತೊಡಕು ಬೇರೆ ಬಗೆಯದು. ಅಂಕ ತಮ್ಮನಿಗಿಂತ ಹೆಚ್ಚಿದ್ದರೂ ‘ಅವನು ಮೈಸೂರಿಗೆ ಹೋಗಲಿ, ಇವಳಿಗೆ ಇಲ್ಲೇ ಯಾವುದಾದರೂ ಸಾಕು’ ಎನ್ನುವ ಮನೆಗಳು ಇಂದೂ ಉಂಟು. ೨೦೨೩ರ ಜೂನಿನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವಿಲ್ಲ. ಹಣದ ನೆಪವೊಂದು ಹೋಯಿತು. ಉಳಿದುದು ಮನಸ್ಸಿನದು. ಆ ಟಿಕೆಟನ್ನು ಮನೆಯವರೇ ಕೊಡಬೇಕು.

ವೆಚ್ಚದ ಮಾತಿಗೆ ಬರೋಣ. ಹಿಂದೆ ಬಡ ವಿದ್ಯಾರ್ಥಿಗಳು ವಾರಾನ್ನ ಮಾಡಿಕೊಂಡು ಓದುತ್ತಿದ್ದರು; ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಒಂದು ಮನೆಯವರು ಊರಿಗೆ ಹೋದರೆ ಅಂದು ಉಪವಾಸ. ಎಲ್ಲ ಜಾತಿಯ ಹುಡುಗರಿಗೂ ಆ ಬಾಗಿಲು ತೆರೆದಿರಲಿಲ್ಲವೆಂಬುದನ್ನೂ ಮರೆಯಬಾರದು. ಮಠಗಳೂ ಸಮಾಜಗಳೂ ತೆರೆದ ಉಚಿತ ವಿದ್ಯಾರ್ಥಿನಿಲಯಗಳು, ಆಮೇಲೆ ಸರ್ಕಾರದ ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ನಿಲಯಗಳು ಈ ಸ್ಥಿತಿಯನ್ನು ಬದಲಾಯಿಸಿದವು. ನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ವಸತಿಗಾಗಿ ಹತ್ತು ತಿಂಗಳು ಹಣ ಕೊಡುವ ವಿದ್ಯಾಸಿರಿ ಯೋಜನೆ ೨೦೧೩ರಲ್ಲಿ ಆರಂಭವಾಯಿತು. ಇಂತಹವಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಮೊದಲೇ ಸಿದ್ಧವಿರಬೇಕು. ಖಾಸಗಿ ಕಾಲೇಜಿಗೆ ಸೇರುವವರು ಶುಲ್ಕದ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಬೇಕು, ಕೊಟ್ಟ ಹಣಕ್ಕೆಲ್ಲ ರಸೀದಿ ಪಡೆಯಬೇಕು. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ಒತ್ತೆಯಂತೆ ಇಟ್ಟುಕೊಳ್ಳಕೂಡದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ೨೦೧೮ರಲ್ಲೇ ವಿಧಿಸಿದೆ. ಪದವಿಯ ಅವಧಿಯ ಬಗ್ಗೆಯೂ ಗೊಂದಲ ಬೇಡ. ೨೦೨೧ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ಕೈಬಿಟ್ಟು ೨೦೨೪ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೇ ಮರಳಿತು.

ಸೇರಿದ ಮೇಲೆ ಅಲ್ಲಿಯ ಬಾಳು ಹೇಗೆ? ಹೈಸ್ಕೂಲಿನಲ್ಲಿ ಗಂಟೆ ಹೊಡೆದರೆ ಮೇಷ್ಟರು ಮಕ್ಕಳನ್ನು ಹುಡುಕಿಕೊಂಡು ಬರುತ್ತಾರೆ. ಕಾಲೇಜಿನಲ್ಲಿ ವಿದ್ಯಾರ್ಥಿಯೇ ಪಾಠವನ್ನು ಹುಡುಕಿಕೊಂಡು ಹೋಗಬೇಕು. ಇದೇ ಮುಖ್ಯ ಭೇದ. ಶೇಕಡ ೭೫ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಬಿಡರು. ಆದರೆ ಉಳಿದ ಸ್ವಾತಂತ್ರ್ಯವೆಲ್ಲ ಅವನದೇ. ಬಿಡುವಿನ ಗಂಟೆಯನ್ನು ಗ್ರಂಥಾಲಯದಲ್ಲಿ ಕಳೆಯುವುದೂ ಕ್ಯಾಂಟೀನಿನಲ್ಲಿ ಮೊಬೈಲು ನೋಡುತ್ತ ಕಳೆಯುವುದೂ ಅವನ ಕೈಯಲ್ಲೇ ಇದೆ. ಮೂರು ವರ್ಷದ ಕೊನೆಗೆ ಇಬ್ಬರು ಸಹಪಾಠಿಗಳಿಗೆ ಆಗುವ ಅಂತರ ಬಹುಪಾಲು ಈ ಬಿಡುವಿನ ಗಂಟೆಗಳಲ್ಲೇ ಆಗುವುದು. ಪಾಠದಷ್ಟೇ ಮುಖ್ಯ ಚರ್ಚಾಕೂಟ, ನಾಟಕ, ಆಟ, ಎನ್.ಎಸ್.ಎಸ್. ಶಿಬಿರ. ಹತ್ತು ಜನರ ಮುಂದೆ ನಿಂತು ಐದು ನಿಮಿಷ ಮಾತನಾಡುವ ಧೈರ್ಯ ಯಾವ ಪಠ್ಯಪುಸ್ತಕದಿಂದಲೂ ಬರುವುದಿಲ್ಲ.

ಹೊಸಬರನ್ನು ಹಿರಿಯ ವಿದ್ಯಾರ್ಥಿಗಳು ಪೀಡಿಸುವ ‘ರ‍್ಯಾಗಿಂಗ್’ ಎಂಬುದು ತಮಾಷೆಯಲ್ಲ, ಅಪರಾಧ. ಆಯೋಗದ ೨೦೦೯ರ ನಿಯಮಗಳಂತೆ ಪ್ರತಿ ಕಾಲೇಜಿನಲ್ಲೂ ಇದರ ತಡೆಗೆ ಸಮಿತಿ ಇರಬೇಕು. ಇದಕ್ಕಿಂತ ಸಾಮಾನ್ಯವಾದ ಕಷ್ಟ ಇನ್ನೊಂದು: ಮೊದಲ ಸಲ ಮನೆ ಬಿಟ್ಟ ಮಗುವಿಗೆ ಬರುವ ಒಂಟಿತನ. ನಿಲಯದ ಅನ್ನ ರುಚಿಸದು, ನಿದ್ದೆ ಬಾರದು, ‘ಊರಿಗೆ ಬಂದುಬಿಡುತ್ತೇನೆ’ ಎಂದು ಫೋನಿನಲ್ಲಿ ಅಳುತ್ತದೆ. ಆಗ ಗದರಬೇಡಿರಿ, ತಕ್ಷಣ ಕರೆದುಕೊಂಡೂ ಬರಬೇಡಿರಿ. ಒಂದು ಭಾನುವಾರ ರೊಟ್ಟಿ ಚಟ್ನಿಪುಡಿ ಕಟ್ಟಿಕೊಂಡು ಹೋಗಿ, ಅರ್ಧ ದಿನ ಜೊತೆಗಿದ್ದು ಬನ್ನಿರಿ. ಮಾತಾಡುವಾಗ ಅಂಕಗಳನ್ನು ಮಾತ್ರ ಕೇಳಬೇಡಿರಿ. ಗೆಳೆಯರ ಹೆಸರು ಕೇಳಿರಿ. ಒಂದೆರಡು ತಿಂಗಳಾದರೂ ಅಳು ನಿಲ್ಲದೆ, ಊಟ ನಿದ್ದೆ ಕೆಟ್ಟು ಮಗು ಸೊರಗಿದರೆ ಮಾತ್ರ ಅದು ಬರಿಯ ಮನೆಯ ನೆನಪಲ್ಲ. ಅಧ್ಯಾಪಕರನ್ನೂ ವೈದ್ಯರನ್ನೂ ಕಾಣಬೇಕು, ಬೇಕಾದರೆ ಕಾಲೇಜನ್ನೇ ಬದಲಿಸಬೇಕು. ಒಂದು ವರ್ಷ ಹೋದರೆ ಗಳಿಸಬಹುದು.

ಕೆಲಸಕ್ಕೆ ಸೇರಬೇಕಾಗಿ ಬಂದು ಓದು ನಿಂತವರಿಗೆ ಮೈಸೂರಿನಲ್ಲೇ ೧೯೯೬ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ ಎಂಬುದೂ ನೆನಪಿರಲಿ. ಬಾಗಿಲು ಒಂದೇ ಅಲ್ಲ, ಒಮ್ಮೆ ಮಾತ್ರ ತೆರೆಯುವುದೂ ಅಲ್ಲ.

ಕೊನೆಯದಾಗಿ ಒಂದು ಸಲಹೆ. ಅರ್ಜಿ ತುಂಬುವ ಮೊದಲು, ಪ್ರವೇಶದ ಸಂಭ್ರಮವಿಲ್ಲದ ಯಾವುದಾದರೂ ಸಾಧಾರಣ ದಿನ, ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಆ ಕಾಲೇಜಿಗೆ ಹೋಗಿ ಬನ್ನಿರಿ. ಅನುಮತಿ ಪಡೆದು ಗ್ರಂಥಾಲಯದಲ್ಲಿ ಎಷ್ಟು ಜನ ಕುಳಿತಿದ್ದಾರೆ ನೋಡಿರಿ. ಪಾಠ ನಡೆಯುತ್ತಿದೆಯೋ ಕೊಠಡಿಗಳು ಖಾಲಿಯೋ ಗಮನಿಸಿರಿ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿದೆಯೆ ಎಂದು ವಿಚಾರಿಸಿರಿ. ಅಂಗಳದಲ್ಲಿ ನಿಂತ ಇಬ್ಬರು ವಿದ್ಯಾರ್ಥಿಗಳನ್ನು ಮಾತನಾಡಿಸಿರಿ. ಹಿಂದಿರುಗುವಾಗ ಬಸ್ಸಿನಲ್ಲಿ ನೀವು ಏನನ್ನೂ ಹೇಳದೆ, ‘ನಿನಗೆ ಹೇಗೆನಿಸಿತು?’ ಎಂದು ಮಗುವನ್ನು ಕೇಳಿರಿ. ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾಯಿರಿ.