ಚೇಂಬರಿನ ವಿಷಗಾಳಿ: ಹೋಟೆಲ್ ಮಾಲಕರು ತಿಳಿದಿರಬೇಕಾದ ವಿಷಯ

ಹೋಟೆಲಿನಲ್ಲಿ ಗ್ಯಾಸ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಸಿಲಿಂಡರ್. ಅದರ ಪೈಪು, ರೆಗ್ಯುಲೇಟರ್ ಎಲ್ಲದರ ಮೇಲೂ ನಾವು ಕಣ್ಣಿಟ್ಟಿರುತ್ತೇವೆ. ಆದರೆ ಇನ್ನೊಂದು ಗ್ಯಾಸು ನಮ್ಮ ಹಿಂಬದಿಯ ಗ್ರೀಸ್ ಟ್ರ್ಯಾಪ್, ಚೇಂಬರ್ ಮತ್ತು ಸೆಪ್ಟಿಕ್ ಟ್ಯಾಂಕಿನಲ್ಲಿ ತನ್ನಷ್ಟಕ್ಕೆ ತಾನೇ ಹುಟ್ಟುತ್ತಿರುತ್ತದೆ. ಅದೇ ಹೈಡ್ರೋಜನ್ ಸಲ್ಫೈಡ್. ಗಂಧಕ ಮತ್ತು ಜಲಜನಕ ಸೇರಿ ಆದ ಈ ಅನಿಲದ ಗುಣವನ್ನು ಮಾಲಕರೂ ಮ್ಯಾನೇಜರರೂ ತಿಳಿದಿದ್ದರೆ ಕೆಲಸದವರ ಜೀವ ಉಳಿಯುತ್ತದೆ.

ಇದು ಹುಟ್ಟುವುದು ಹೇಗೆ?

ಪಾತ್ರೆ ತೊಳೆದ ನೀರಿನ ಜೊತೆ ಅನ್ನ, ಬೇಳೆ, ಈರುಳ್ಳಿ, ಎಲೆಕೋಸು, ಎಣ್ಣೆ ಜಿಡ್ಡು ಎಲ್ಲವೂ ಹೊಂಡ ಸೇರುತ್ತವೆ. ಜಿಡ್ಡು ಮೇಲೆ ಕೆನೆಯಂತೆ ಕಟ್ಟಿ ಒಳಗೆ ಗಾಳಿಯಾಡದಂತೆ ಮುಚ್ಚುತ್ತದೆ. ಗಾಳಿ ಇಲ್ಲದ ಕಡೆ ಬೆಳೆಯುವ ಸೂಕ್ಷ್ಮಾಣುಗಳು ಆಹಾರದಲ್ಲಿರುವ ಗಂಧಕದ ಅಂಶವನ್ನೂ ನೀರು ಮತ್ತು ಸೋಪು ಪೌಡರಿನಲ್ಲಿರುವ ಸಲ್ಫೇಟನ್ನೂ ಈ ಅನಿಲವಾಗಿ ಮಾರ್ಪಡಿಸುತ್ತವೆ. ಸೆಕೆಗಾಲದಲ್ಲಿ ಈ ಕೆಲಸ ಇನ್ನೂ ಜೋರು.

ಹುಟ್ಟಿದ ಅನಿಲವೆಲ್ಲ ಕೂಡಲೇ ಹೊರಗೆ ಬರುವುದಿಲ್ಲ. ಬಹಳಷ್ಟು ಕೆಸರಿನಲ್ಲೇ ಅಡಗಿರುತ್ತದೆ. ಕೋಲು ಹಾಕಿ ಕಲಕಿದಾಗ, ಸೋಡಾ ಬಾಟಲಿ ಅಲುಗಾಡಿಸಿ ಮುಚ್ಚಳ ತೆಗೆದ ಹಾಗೆ, ಒಮ್ಮೆಲೇ ಮೇಲೇಳುತ್ತದೆ. ಮುಚ್ಚಳ ತೆಗೆದಾಗ ಏನೂ ಆಗದವನು ಕೆಲಸ ಶುರು ಮಾಡಿದ ಮೇಲೆ ಕುಸಿಯುವುದು ಇದರಿಂದಲೇ.

ವಾಸನೆ ನಿಂತರೆ ಅಪಾಯ ಹೋಯಿತು ಎಂದಲ್ಲ

ಇದಕ್ಕೆ ಬಣ್ಣವಿಲ್ಲ. ಕೊಳೆತ ಮೊಟ್ಟೆಯ ವಾಸನೆ ಇದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಮೂಗಿಗೆ ತಿಳಿಯುತ್ತದೆ. ಆದರೆ 100 ಭಾಗದ ಹತ್ತಿರ ಬಂದಾಗ ಕೆಲವೇ ನಿಮಿಷಗಳಲ್ಲಿ ಮೂಗು ವಾಸನೆ ಗ್ರಹಿಸುವುದನ್ನೇ ನಿಲ್ಲಿಸುತ್ತದೆ. "ಈಗ ವಾಸನೆ ಹೋಯಿತು, ಇಳಿಯಬಹುದು" ಎಂದು ಹುಡುಗ ಹೇಳುವ ಹೊತ್ತಿಗೆ ಗಾಳಿ ಮೊದಲಿಗಿಂತ ಹೆಚ್ಚು ವಿಷವಾಗಿರಬಹುದು. 500 ಭಾಗ ದಾಟಿದರೆ ಐದು ನಿಮಿಷದಲ್ಲಿ ಮನುಷ್ಯ ಬೀಳುತ್ತಾನೆ. 700ರಿಂದ 1000 ಭಾಗವಾದರೆ ಒಂದೆರಡು ಉಸಿರಿಗೇ ಪ್ರಜ್ಞೆ ಹೋಗುತ್ತದೆ, ಕೂಗಲೂ ಆಗುವುದಿಲ್ಲ.

ಗಾಳಿಗಿಂತ ಸುಮಾರು 1.2 ಪಾಲು ಭಾರವಾದ ಕಾರಣ ಇದು ಹೊಂಡದ ತಳದಲ್ಲೂ ಬೇಸ್‌ಮೆಂಟಿನಲ್ಲೂ ತಂಗಿ ನಿಲ್ಲುತ್ತದೆ. ಬೆಂಕಿಯನ್ನೂ ಹಿಡಿಯುತ್ತದೆ.

ದೀಪ ಇಳಿಸಿ ನೋಡುವ ಹಳೇ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ದೀಪ ಉರಿದರೆ ಆಮ್ಲಜನಕ ಇದೆ ಎಂದಷ್ಟೇ ಅರ್ಥ. ಸಾವಿರ ಪಾಲು ಗಾಳಿಯಲ್ಲಿ ಒಂದು ಪಾಲು ಈ ವಿಷ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಸಾಯುತ್ತಾನೆ. ಹೊಂಡದಲ್ಲಿ ಮೀಥೇನ್ ಕೂಡ ತುಂಬಿದ್ದರೆ ದೀಪವೇ ಸ್ಫೋಟಕ್ಕೆ ಕಾರಣವಾಗಬಹುದು. ಮೂಗಿಗೆ ಕಟ್ಟಿದ ಒದ್ದೆ ಬಟ್ಟೆಯಿಂದಲೂ ಮಾಮೂಲಿ ಮಾಸ್ಕಿನಿಂದಲೂ ಪ್ರಯೋಜನವಿಲ್ಲ.

ಲೋಹ, ಕಾಂಕ್ರೀಟು, ಆಸಿಡ್

ಈ ಅನಿಲ ತಾಕಿದರೆ ಬೆಳ್ಳಿ, ತಾಮ್ರ ಕಪ್ಪಾಗುತ್ತವೆ. ಮೋರಿಯ ಹತ್ತಿರದ ತಾಮ್ರದ ಪೈಪು ಕಾರಣವಿಲ್ಲದೆ ಕಪ್ಪಗಾಗುತ್ತಿದ್ದರೆ ಚೇಂಬರ್ ಒಮ್ಮೆ ನೋಡಿಸಬೇಕು. ತೇವವಿರುವ ಕಾಂಕ್ರೀಟಿನ ಮೇಲೆ ಸೂಕ್ಷ್ಮಾಣುಗಳು ಇದನ್ನು ಗಂಧಕಾಮ್ಲವಾಗಿ ಮಾಡುತ್ತವೆ. ಸ್ಲ್ಯಾಬು ಒಳಗಿನಿಂದ ತಿಂದುಹೋಗುತ್ತದೆ, ಮೇಲಿನಿಂದ ಗೊತ್ತೇ ಆಗುವುದಿಲ್ಲ. ಹಳೇ ಸ್ಲ್ಯಾಬಿನ ಮೇಲೆ ಯಾರೂ ನಿಲ್ಲದಂತೆ, ಭಾರ ಇಡದಂತೆ ನೋಡಿಕೊಳ್ಳಬೇಕು.

ಮೋರಿ ಕಟ್ಟಿದಾಗ ಆಸಿಡ್ ಸುರಿಯುವ ಅಭ್ಯಾಸ ಬಿಡಬೇಕು. ಕಪ್ಪು ಕೆಸರಿನಲ್ಲಿ ಕಬ್ಬಿಣದೊಡನೆ ಸೇರಿರುವ ಸಲ್ಫೈಡ್ ಆಸಿಡ್ ತಾಗಿದೊಡನೆ ಅನಿಲವಾಗಿ ನುಗ್ಗುತ್ತದೆ.

ಒಬ್ಬನ ಹಿಂದೆ ಇನ್ನೊಬ್ಬ

2019ರ ಜೂನ್ ತಿಂಗಳಲ್ಲಿ ಗುಜರಾತಿನ ವಡೋದರಾ ಜಿಲ್ಲೆಯ ಡಭೋಯಿ ತಾಲೂಕಿನ ಒಂದು ಹೋಟೆಲಿನ ಸೆಪ್ಟಿಕ್ ಟ್ಯಾಂಕಿನಲ್ಲಿ ಏಳು ಮಂದಿ ಸತ್ತರು. ನಾಲ್ವರು ಶುಚಿ ಮಾಡಲು ಬಂದವರು, ಮೂವರು ಹೋಟೆಲಿನ ಕೆಲಸದವರು. ಮೊದಲು ಇಳಿದವನು ಮೇಲೆ ಬರಲಿಲ್ಲವೆಂದು ಉಳಿದವರು ಹಿಂದೆ ಇಳಿದರು. ಇಂಥ ದುರಂತಗಳಲ್ಲಿ ಕಾಪಾಡಲು ಹೋದವರೇ ಹೆಚ್ಚಾಗಿ ಸಾಯುತ್ತಾರೆ. ಒಳ್ಳೆಯ ಮನಸ್ಸಿನ ಹುಡುಗನೇ ಮೊದಲು ಹಾರುತ್ತಾನೆ. ಆದ್ದರಿಂದ ಈ ಮಾತನ್ನು ಅವರಿಗೆ ಮೊದಲೇ ಹೇಳಿಡಬೇಕು.

ನಾವು ಪಾಲಿಸಬೇಕಾದ್ದು

1. ತಟ್ಟೆಯ ಉಳಿಕೆಯನ್ನು ಮೊದಲು ಡಬ್ಬಿಗೆ ಕೆರೆದು, ಆಮೇಲೆ ತೊಳೆಯಬೇಕು. ಗ್ರೀಸ್ ಟ್ರ್ಯಾಪಿನ ಜಿಡ್ಡನ್ನು ಹಳೆಯದಾಗಲು ಬಿಡದೆ ತೆಗೆಯುತ್ತಿರಬೇಕು. ತೆಗೆಯುವಾಗ ಬಾಗಿಲು, ಕಿಟಕಿ ತೆರೆದಿರಲಿ, ಮುಖ ಬಗ್ಗಿಸಬಾರದು, ಹತ್ತಿರ ಬೀಡಿ, ಬೆಂಕಿ ಬೇಡ.

2. ಉಪಯೋಗಿಸದ ಮೋರಿ ಬಾಯಿಗೆ ಆಗಾಗ ನೀರು ಹಾಕಬೇಕು. ಬೆಂಡಿನಲ್ಲಿ ನಿಂತ ನೀರೇ ಅನಿಲವನ್ನು ತಡೆಯುವುದು. ಟ್ಯಾಂಕಿನ ವೆಂಟ್ ಪೈಪು ಕಟ್ಟಿರಬಾರದು.

3. ಟ್ಯಾಂಕು, ಚೇಂಬರ್ ಶುಚಿ ಮಾಡಲು ಸಕ್ಷನ್ ಗಾಡಿಯನ್ನೇ ಕರೆಸಬೇಕು. 14420 ಇದಕ್ಕಿರುವ ಸಹಾಯವಾಣಿ. ಯಾರನ್ನೂ, ಯಾವ ಕಾರಣಕ್ಕೂ ಒಳಗೆ ಇಳಿಸಬಾರದು.

4. ಯಾರಾದರೂ ಬಿದ್ದರೆ ಇನ್ನೊಬ್ಬರು ಇಳಿಯಬಾರದು. ಜನರನ್ನು ದೂರ ಸರಿಸಿ 101 ಅಥವಾ 112ಕ್ಕೆ ಫೋನ್ ಮಾಡಿ, "ಟ್ಯಾಂಕಿನಲ್ಲಿ ವಿಷಗಾಳಿ" ಎಂದು ಸ್ಪಷ್ಟವಾಗಿ ಹೇಳಬೇಕು. ಉಸಿರಾಟದ ಸಿಲಿಂಡರ್ ಇರುವ ಫೈರ್ ಬ್ರಿಗೇಡಿನವರೇ ಇಳಿಯಲಿ.

ಕಾನೂನು ಕೂಡ ಕಠಿಣವಾಗಿದೆ. ಸುರಕ್ಷಾ ಸಾಧನವಿಲ್ಲದೆ ಟ್ಯಾಂಕು ಅಥವಾ ಮೋರಿಗೆ ಜನ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನೇರವಾಗಿ ಆಗಲಿ ಇನ್ನೊಬ್ಬರ ಮೂಲಕ ಆಗಲಿ ಇಳಿಸಬಾರದು ಎಂದು ಕಾಯಿದೆ ಹೇಳುವುದರಿಂದ "ಕಾಂಟ್ರಾಕ್ಟ್ ಕೊಟ್ಟಿದ್ದೆವು" ಎಂದು ಕೈ ತೊಳೆದುಕೊಳ್ಳಲಾಗದು. ಮೋರಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಸಿಗಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿದೆ.

ಸಕ್ಷನ್ ಗಾಡಿಯ ಬಾಡಿಗೆ ಉಳಿಸಲು ಹೋಗಿ ಒಂದು ಮನೆಯ ದೀಪ ಆರಿಸುವುದು ಬೇಡ. ಈ ನಾಲ್ಕು ಮಾತನ್ನು ಹಿಂದಿಯಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ, ಹುಡುಗರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಸಿ ಪಾತ್ರೆ ತೊಳೆಯುವ ಜಾಗದಲ್ಲಿ ಅಂಟಿಸಿ. ಓದು ಬಾರದವರಿಗೆ ಬಾಯಿಯಿಂದ ಹೇಳಿಸಿ.